ಕೇಕ್ ಕೆಟ್ಟರೆ ಕೈಗುಣವನ್ನು ಬೈಯಬೇಡಿ

ಕೇಕ್ ಉಬ್ಬಲಿಲ್ಲ ಅಂದ ತಕ್ಷಣ ಮನೆಯಲ್ಲಿ ಬರುವ ಮೊದಲ ಮಾತು, 'ನಿನ್ನ ಕೈಗುಣ ಸರಿಯಿಲ್ಲ ಬಿಡು'. ಎರಡು ಸಲ ಇದನ್ನು ಕೇಳಿದವರು ಮೂರನೇ ಸಲ ಓವನ್ ಹತ್ತಿರ ಹೋಗೋದೇ ಇಲ್ಲ. ಓವನ್ ಅಟ್ಟ ಸೇರತ್ತೆ, ಹುಟ್ಟುಹಬ್ಬಕ್ಕೆ ಬೇಕರಿಯಿಂದ ಕೇಕ್ ಬರತ್ತೆ. ಆದರೆ ಅಳತೆ ಸರಿಯಿದ್ದೂ ಕೇಕ್ ಕೆಟ್ಟರೆ, ಮೊದಲು ನೋಡಬೇಕಾದದ್ದು ಕೈಯನ್ನಲ್ಲ; ಶಾಖವನ್ನು ಮತ್ತು ಪಾತ್ರೆಯನ್ನು.

ರೆಸಿಪಿಯಲ್ಲಿ '350 ಡಿಗ್ರಿ' ಅಂತಿದ್ದರೆ ಅದು ಫ್ಯಾರನ್‌ಹೀಟ್. ನಮ್ಮ ಲೆಕ್ಕದಲ್ಲಿ ಸುಮಾರು 180 ಡಿಗ್ರಿ ಸೆಲ್ಸಿಯಸ್. ಓವನ್ ಒಳಗೆ ಫ್ಯಾನ್ ತಿರುಗುತ್ತಿದ್ದರೆ 20 ಡಿಗ್ರಿ ಕಡಿಮೆ ಮಾಡಿ, 160 ಸಾಕು. ಗುಂಡಿ ತೋರಿಸುವ ಶಾಖವೇ ಒಳಗೂ ಇರತ್ತೆ ಅಂತ ನಂಬಬೇಡಿ. ಒಳಗೆ ಇಡುವ ಚಿಕ್ಕ ಓವನ್ ಥರ್ಮಾಮೀಟರ್ ಒಂದನ್ನು ತಂದರೆ ನಿಜ ಗೊತ್ತಾಗತ್ತೆ.

ಓವನ್ ಮೊದಲೇ 10–15 ನಿಮಿಷ ಕಾದಿರಬೇಕು. ಮೊಸರು, ಸೋಡಾ ಸೇರಿದ ಕೂಡಲೇ ಹಿಟ್ಟಿನಲ್ಲಿ ಗುಳ್ಳೆ ಏಳೋಕೆ ಶುರು. ಶಾಖ ಬಂದು ಹಿಟ್ಟು ಗಟ್ಟಿಯಾಗುವುದರೊಳಗೆ ಗುಳ್ಳೆ ಹೋದರೆ ಕೇಕ್ ಚಪ್ಪಟೆ.

ಇನ್ನು ಪಾತ್ರೆ. 8 ಇಂಚಿನ ರೆಸಿಪಿಯನ್ನು 6 ಇಂಚಿನ ಟಿನ್‌ಗೆ ಹಾಕಿದರೆ 'ಎರಡೇ ಇಂಚು ತಾನೇ' ಅನ್ನಿಸಬಹುದು. ಆದರೆ ತಳದ ವಿಸ್ತೀರ್ಣ 64ಕ್ಕೆ 36ರ ಲೆಕ್ಕ, ಅಂದರೆ ಹೆಚ್ಚುಕಡಿಮೆ ಅರ್ಧ. ಹಿಟ್ಟಿನ ಎತ್ತರ ಸುಮಾರು ಎರಡರಷ್ಟಾಗತ್ತೆ. ಅಂಚು ಸೀಯತ್ತೆ, ನಡು ಹಸಿಯಾಗೇ ಉಳಿಯತ್ತೆ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಹಿಟ್ಟು ಮಾತ್ರ ಹಾಕಿ, ಮಿಕ್ಕಿದ್ದಕ್ಕೆ ಕಪ್‌ಕೇಕ್ ಮಾಡಿ.

ಸಮಯದ ಅಂದಾಜು ಹೀಗಿದೆ. ಕಪ್‌ಕೇಕ್ 180ರಲ್ಲಿ 18–22 ನಿಮಿಷ. 8 ಇಂಚಿನ ಸಾದಾ ಕೇಕ್ 180ರಲ್ಲಿ 30–35 ನಿಮಿಷ. ಬ್ರೆಡ್ಡಿನಾಕಾರದ ಉದ್ದ ಟಿನ್ ಆದರೆ 170ರಲ್ಲಿ 50–60 ನಿಮಿಷ. ಒಣಹಣ್ಣು ತುಂಬಿದ ದೊಡ್ಡ ಕ್ರಿಸ್‌ಮಸ್ ಕೇಕಿಗೆ 150ರಲ್ಲಿ ಎರಡು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು. ಸೂತ್ರ ಒಂದೇ: ಹಿಟ್ಟು ದಪ್ಪಗೆ ನಿಂತಷ್ಟೂ ಶಾಖ ಕಡಿಮೆ, ಹೊತ್ತು ಜಾಸ್ತಿ.

ಓವನ್ ಇಲ್ಲದವರು ಕುಕ್ಕರಿನಲ್ಲಿ ಮಾಡೋದಾದರೆ ಗ್ಯಾಸ್ಕೆಟ್, ವಿಸಿಲ್ ಎರಡನ್ನೂ ತೆಗೆಯಲೇಬೇಕು. ನೀರಿನ ಬದಲು ತಳಕ್ಕೆ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು, 10 ನಿಮಿಷ ಕಾಯಿಸಿ, ಆಮೇಲೆ ಸಣ್ಣ ಉರಿಯಲ್ಲಿ 40–45 ನಿಮಿಷ. ಶಾಖ ಕೆಳಗಿನಿಂದ ಬರುವುದರಿಂದ ಮೇಲ್ಭಾಗ ಅಷ್ಟಾಗಿ ಕೆಂಪಾಗಲ್ಲ. ಬಣ್ಣ ಬರಲಿ ಅಂತ ಕಾದರೆ ತಳ ಸೀಯತ್ತೆ.

ಇಷ್ಟು ಹೇಳಿದ ಮೇಲೂ ಗಡಿಯಾರವೇ ಕೊನೆಯ ಮಾತಲ್ಲ. ಮೈಸೂರು ಪಾಕ್ ಮಾಡುವಾಗ ಯಾರು ನಿಮಿಷ ಎಣಿಸ್ತಾರೆ? ಎಳೆ ಬಂತಾ ಅಂತ ನೋಡ್ತೀವಿ. ಕೇಕಿಗೂ ಹದ ಇದೆ. ಹೇಳಿದ ಸಮಯದ ಮುಕ್ಕಾಲು ಭಾಗ ಬಾಗಿಲು ತೆಗೆಯಬೇಡಿ. ಆಮೇಲೆ ನಡುವಿಗೆ ಕಡ್ಡಿ ಚುಚ್ಚಿ. ಹಸಿ ಹಿಟ್ಟು ಅಂಟದಿದ್ದರೆ, ಬೆರಳಲ್ಲಿ ಮೆಲ್ಲಗೆ ಒತ್ತಿದಾಗ ಮತ್ತೆ ಮೇಲೆದ್ದರೆ, ಅಂಚು ಟಿನ್ ಬಿಡೋಕೆ ಶುರುವಾಗಿದ್ದರೆ ಆಯಿತು. ಹತ್ತು ನಿಮಿಷ ಟಿನ್‌ನಲ್ಲೇ ಬಿಟ್ಟು ಆಮೇಲೆ ತೆಗೆಯಿರಿ.

ಮುಂದಿನ ಸಲಕ್ಕೆ ಎರಡು ಗುರುತು ನೆನಪಿರಲಿ. ಮೇಲೆ ಗೋಪುರದ ಹಾಗೆ ಎದ್ದು ಬಿರಿದಿದ್ದರೆ ಶಾಖ ಹೆಚ್ಚಾಗಿರಬಹುದು, 10 ಡಿಗ್ರಿ ಇಳಿಸಿ. ನಡು ಕುಸಿದು ಒಳಗೆ ಹಸಿಯಿದ್ದರೆ ಐದು ನಿಮಿಷ ಹೆಚ್ಚಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗಲ್ಲ. ಟಿನ್ ಅಳತೆ, ಡಿಗ್ರಿ, ನಿಮಿಷ ಈ ಮೂರನ್ನು ಅಡುಗೆಮನೆ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ನಾಲ್ಕೈದು ಕೇಕ್ ಆಗುವಷ್ಟರಲ್ಲಿ ನಿಮ್ಮ ಓವನ್ನಿನ ಸ್ವಭಾವ ನಿಮಗೆ ಗೊತ್ತಾಗಿರತ್ತೆ. ಆಗ ಮನೆಯವರು ಅದನ್ನೇ ಕೈಗುಣ ಅಂತಾರೆ, ಅನ್ನಲಿ ಬಿಡಿ!