ಕೀಲಿಕೈ ಯಾರ ಹತ್ತಿರ ಇದೆ?

ಇದನ್ನ ಹೋದ ವಾರವೇ ಬರೀಬೇಕಿತ್ತು. ನಾಚಿಕೆ ಆಗಿ ಬರೀಲಿಲ್ಲ. ಇವತ್ತು ಆಫೀಸಿಗೆ ರಜೆ, ಕೂತು ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಓದಿ.

ನಾವು ಒಂದಷ್ಟು ಹೆಣ್ಣುಮಕ್ಕಳು ಧರಣಿಗೆ ಬೆಂಗಳೂರಿಗೆ ಹೋಗೋ ವಿಚಾರವಾಗಿ ಸಭೆ ಸೇರಿದ್ವಿ. ರಾತ್ರಿ ಉಳಿಯೋಕೆ ಒಂದು ಹಾಲ್ ಸಿಕ್ಕಿತ್ತು. ಬರೋರ ಪಟ್ಟಿ ಓದುವಾಗ ನಮ್ಮ ಜೊತೆ ನಾಲ್ಕು ವರ್ಷದಿಂದ ದುಡೀತಿರೋ ಒಬ್ಬ ಟ್ರಾನ್ಸ್ ಮಹಿಳೆಯ ಹೆಸರು ಬಂತು. ಹಿರಿಯರಾದ ಒಬ್ಬ ಅಕ್ಕ, ನಾನು ತುಂಬಾ ಗೌರವಿಸೋರು, ಹೇಳಿದ್ರು: "ಧರಣಿಗೆ ಬರಲಿ, ಬೇಡ ಅನ್ನಲ್ಲ. ಆದ್ರೆ ರಾತ್ರಿ ಹೆಂಗಸರ ಜೊತೆ ಹೆಂಗೆ ಮಲಗಿಸೋದು? ಇಂಗ್ಲೆಂಡಿನ ಸುಪ್ರೀಂ ಕೋರ್ಟೇ ಹೇಳಿದೆಯಲ್ಲ, ಹುಟ್ಟಿನಿಂದ ಹೆಣ್ಣಾದವರು ಮಾತ್ರ ಹೆಣ್ಣು ಅಂತ."

ಅವಳು ಅಲ್ಲೇ ಕೂತಿದ್ಲು. ತಲೆ ತಗ್ಗಿಸಿ, "ಪರವಾಗಿಲ್ಲ ಅಕ್ಕ, ನಾನು ರಾತ್ರಿ ಬಸ್ಸಿಗೆ ವಾಪಸ್ ಬಂದುಬಿಡ್ತೀನಿ" ಅಂದ್ಲು.

ನಾನು ಮಾತಾಡ್ಲಿಲ್ಲ. ಅದೇ ನನ್ನ ತಪ್ಪು. ಅದಕ್ಕೇ ಈ ಪೋಸ್ಟ್.

ಮನೆಗೆ ಬಂದಮೇಲೆ ನನ್ನ ಮೊದಲನೇ ಕೆಲಸ ನೆನಪಾಯ್ತು. ಆಗ ನನಗೆ ಇಪ್ಪತ್ತೈದು ಇರಬೇಕು. ಆ ಆಫೀಸಲ್ಲಿ ಹೆಂಗಸರ ಶೌಚಾಲಯಕ್ಕೆ ಬೀಗ ಇರ್ತಿತ್ತು. ಕೀಲಿಕೈ ಒಬ್ಬ ಮೇಡಂ ಡ್ರಾಯರ್‌ನಲ್ಲಿ. ಉಳಿದ ಹೆಂಗಸರಿಗೆಲ್ಲ ಗೊತ್ತು, ನನಗೆ ಮಾತ್ರ ಯಾರೂ ಹೇಳಿರಲಿಲ್ಲ. ಕೇಳಿದಾಗ "ಅದು ರಿಪೇರಿ ಇದೆ ಕಣಮ್ಮ" ಅಂದ್ರು. ತಿಂಗಳುಗಟ್ಟಲೆ ನೀರು ಕಡಿಮೆ ಕುಡಿದು, ಮಧ್ಯಾಹ್ನ ಬಸ್‌ಸ್ಟ್ಯಾಂಡಿಗೆ ಓಡಿ ಹೋಗಿ ಬರ್ತಿದ್ದೆ. ಆ ಮೇಡಂ ಕೆಟ್ಟವರೇನಲ್ಲ, ಮಹಿಳಾ ದಿನಾಚರಣೆಲಿ ಚೆನ್ನಾಗಿ ಭಾಷಣ ಮಾಡೋರು. ಅವರ ಲೆಕ್ಕದಲ್ಲಿ ನಾನು ಆ "ಹೆಂಗಸರು" ಅನ್ನೋದರೊಳಗೆ ಬರ್ತಿರಲಿಲ್ಲ, ಅಷ್ಟೇ.

ಯಾರು ಹೆಣ್ಣು ಅನ್ನೋದನ್ನ ನಮ್ಮ ದೇಶದಲ್ಲಿ ಬರೀ ದೇಹ ನೋಡಿ ಯಾವತ್ತೂ ತೀರ್ಮಾನ ಮಾಡಿಲ್ಲ. ಜಾತಿ ನೋಡಿ ಮಾಡಿದಾರೆ. ತಿರುವಾಂಕೂರಿನ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚಿಕೊಳ್ಳೋಕೆ ದಶಕಗಟ್ಟಲೆ ಹೋರಾಡಿ 1859ರಲ್ಲಿ ರಾಜಾಜ್ಞೆ ಪಡೀಬೇಕಾಯ್ತು. ನಾಚಿಕೆ, ಮಾನ ಎಲ್ಲ ಮೇಲ್ಜಾತಿ ಹೆಣ್ಣಿನ ಸೊತ್ತು. ನಮ್ಮ ಅವ್ವಂದಿರದ್ದು ದುಡಿಯೋ ಮೈ.

ಮಹಿಳಾ ಚಳವಳಿಯೊಳಗೂ ನಮಗೆ ಜಾಗ ಸುಮ್ಮನೆ ಸಿಗಲಿಲ್ಲ. 1995ರಲ್ಲಿ ರೂತ್ ಮನೋರಮಾ ಮತ್ತಿತರರು ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಕಟ್ಟಿದಾಗ "ಜಾತಿ ತಂದು ಹೆಣ್ಣುಮಕ್ಕಳನ್ನ ಒಡೀತಿದೀರಿ" ಅನ್ನೋ ಮಾತು ಕೇಳಬೇಕಾಗಿತ್ತು. ಅದೇ ಮಾತನ್ನ ಇವತ್ತು ನಾವು ಟ್ರಾನ್ಸ್ ಮಹಿಳೆಯರಿಗೆ ಹೇಳ್ತಿದೀವಿ.

ಈಗ ಇಂಗ್ಲೆಂಡಿನ ತೀರ್ಪಿಗೆ ಬರ್ತೀನಿ. 2025ರ ಏಪ್ರಿಲ್ 16ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ ಹೇಳಿದ್ದು, ಅವರ 2010ರ ಸಮಾನತೆ ಕಾಯ್ದೆಯಲ್ಲಿ 'ಮಹಿಳೆ' ಅಂದ್ರೆ ಹುಟ್ಟಿನ ಲಿಂಗ ಅಂತ. ಅದು ಅವರ ಕಾಯ್ದೆಯ ಒಂದು ಪದದ ಅರ್ಥ. ನಮ್ಮ ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದೇ, ಅಂಬೇಡ್ಕರ್ ಜಯಂತಿಯ ಮಾರನೇ ದಿನ, ನಾಲ್ಸಾ ತೀರ್ಪಿನಲ್ಲಿ ತಾನು ಗಂಡೋ ಹೆಣ್ಣೋ ತೃತೀಯ ಲಿಂಗಿಯೋ ಅಂತ ಗುರುತಿಸಿಕೊಳ್ಳೋ ಹಕ್ಕು ಆ ವ್ಯಕ್ತಿಯದ್ದೇ ಅಂದಿದೆ. 2025ರ ಜೂನ್‌ನಲ್ಲಿ ಆಂಧ್ರ ಹೈಕೋರ್ಟ್, ಮಗು ಹೆರೋಕೆ ಆಗಲ್ಲ ಅನ್ನೋ ಕಾರಣಕ್ಕೆ ಟ್ರಾನ್ಸ್ ಮಹಿಳೆಯನ್ನ ಹೆಣ್ಣಲ್ಲ ಅನ್ನೋ ಹಾಗಿಲ್ಲ ಅಂತ ಹೇಳಿದೆ. ಮಕ್ಕಳಿಲ್ಲದ ಎಷ್ಟು ಹೆಣ್ಣುಮಕ್ಕಳು ನಮ್ಮ ಮನೆಗಳಲ್ಲೇ ಇದಾರೆ, ಅವರಿಗೆ ಯಾರು ಏನೇನು ಅಂದಿದಾರೆ, ನೆನಪು ಮಾಡಿಕೊಳ್ಳಿ.

ಅಕ್ಕನ ಭಯವನ್ನ ನಾನು ಗೇಲಿ ಮಾಡಲ್ಲ. ಗಂಡಸರಿಂದ ಏಟು ತಿಂದ ಹೆಣ್ಣಿಗೆ ಬಾಗಿಲು ಹಾಕಿದ ಒಂದು ಕೋಣೆ ಎಷ್ಟು ದೊಡ್ಡದು ಅಂತ ನನಗೂ ಗೊತ್ತು. ಅಂಥ ಜಾಗ ಇರಲೇಬೇಕು, ಅಲ್ಲಿ ಯಾರೇ ತಪ್ಪು ಮಾಡಿದ್ರೂ ಆಚೆ ಹಾಕಬೇಕು. ಆದ್ರೆ ತಪ್ಪು ಮಾಡೋಕೆ ಮುಂಚೆಯೇ ಇಡೀ ಒಂದು ಸಮುದಾಯವನ್ನ ಅನುಮಾನದಿಂದ ನೋಡೋದು ಏನು ಅಂತ ನಮ್ಮ ಕೇರಿಯೋರಿಗೆ ಬೇರೆಯವರು ಹೇಳಿಕೊಡಬೇಕಾ?

ಆ ರಾತ್ರಿ ಬಸ್ಸಿನಲ್ಲಿ ಅವಳಿಗೆ ಏನಾದ್ರೂ ಆದ್ರೆ? ಒಬ್ಬ ಹೆಣ್ಣಿನ ಮೇಲೆ ಅತ್ಯಾಚಾರ ಆದ್ರೆ ಕನಿಷ್ಠ 10 ವರ್ಷ ಜೈಲು. ಟ್ರಾನ್ಸ್‌ಜೆಂಡರ್ ವ್ಯಕ್ತಿ ಮೇಲೆ ಲೈಂಗಿಕ ದೌರ್ಜನ್ಯ ಆದ್ರೆ, 2019ರ ಕಾಯ್ದೆಯಲ್ಲಿ 6 ತಿಂಗಳಿಂದ 2 ವರ್ಷ. ಹೆಣ್ಣಲ್ಲ ಅಂತ ಆಚೆ ನಿಲ್ಲಿಸೋದರ ಬೆಲೆ ಇದು. ನಾವು ಆ ಹಾಲ್‌ನಲ್ಲಿ ಕ್ಷೇಮವಾಗಿ ಮಲಗಿರ್ತಿದ್ವಿ.

"ಅವರು ಗಂಡಾಗಿ ಬೆಳೆದೋರು, ಗಂಡಿನ ಸವಲತ್ತು ಉಂಡೋರು" ಅನ್ನೋ ವಾದವೂ ಇದೆ. ನಮ್ಮ ಗೆಳತಿ ಹತ್ತನೇ ಕ್ಲಾಸಿನಲ್ಲಿ ಅಣ್ಣನ ಕೈಲಿ ಬೆಲ್ಟಿನೇಟು ತಿಂದು ಮನೆ ಬಿಟ್ಟೋಳು. ಅವಳೂ ನಮ್ಮ ಜಾತಿಯೋಳೇ. ಕೇರಿಯಿಂದ ಓಡಿಸಿದ್ದು ನಾವೇ, ಮೇಲ್ಜಾತಿಯೋರಲ್ಲ. ಜೋಗತಿ ಬಂದ್ರೆ ಮರದ ತುಂಬಾ ಅಕ್ಕಿ ಹಾಕಿ ಕಾಲಿಗೆ ಬೀಳ್ತೀವಿ, ಬಾಡಿಗೆಗೆ ಮನೆ ಕೇಳಿದ್ರೆ ಇಲ್ಲ ಅಂತೀವಿ. ಮಂಜಮ್ಮ ಜೋಗತಿಯವರಿಗೆ ಪದ್ಮಶ್ರೀ ಬಂದಾಗ ಸ್ಟೇಟಸ್ ಹಾಕಿದ ನಮ್ಮ ಹುಡುಗರೇ ಬಸ್‌ಸ್ಟ್ಯಾಂಡಿನಲ್ಲಿ ಇವಳನ್ನ ನೋಡಿ ಶಿಳ್ಳೆ ಹಾಕ್ತಾರೆ.

"ನಮ್ಮ ಪಾಲು ಹೋಗುತ್ತೆ" ಅನ್ನೋರಿಗೂ ಒಂದು ಮಾತು. ಕರ್ನಾಟಕ 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ 1% ಸಮತಲ ಮೀಸಲಾತಿ ಕೊಟ್ಟಿದೆ. ಸಾಮಾನ್ಯ, ಪರಿಶಿಷ್ಟ, ಹಿಂದುಳಿದ, ಎಲ್ಲ ವರ್ಗದ ಒಳಗೂ ಅದು ಪ್ರತ್ಯೇಕ. ಮಹಿಳೆಯರ 33% ಕಿತ್ತು ಕೊಟ್ಟಿದ್ದಲ್ಲ. ಶಕ್ತಿ ಯೋಜನೆಯಲ್ಲಿ ನಮ್ಮ ಜೊತೆ ಅವರಿಗೂ ಟಿಕೆಟ್ ಫ್ರೀ. ಅದರಿಂದ ನಮ್ಮಲ್ಲಿ ಯಾರಿಗೆ ಬಸ್ ತಪ್ಪಿತು?

1927ರಲ್ಲಿ ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಗೆ ಹೋಗಿದ್ದು ಬರೀ ಬಾಯಾರಿಕೆಗಲ್ಲ. ನಾವೂ ಎಲ್ಲರಂತೆ ಮನುಷ್ಯರು ಅಂತ ಸಾಬೀತು ಮಾಡೋಕೆ. ಆ ಕೆರೆಯ ನೀರು ಕುಡಿದ ಜನ ನಾವು, ಇನ್ನೊಬ್ಬರಿಗೆ ಬೀಗ ಹಾಕಬಾರದು.

ಬರೋ ಭಾನುವಾರ ಮತ್ತೆ ಸಭೆ ಇದೆ. ಅವತ್ತು ಬಾಯಿ ಮುಚ್ಚಿ ಕೂತಿದ್ದಕ್ಕೆ ಎಲ್ಲರೆದುರು ಅವಳ ಕ್ಷಮೆ ಕೇಳ್ತೀನಿ. ಹಾಲ್‌ನಲ್ಲಿ ಅವಳ ಚಾಪೆ ನನ್ನ ಚಾಪೆ ಪಕ್ಕ ಅಂತ ಹೇಳ್ತೀನಿ. ಅಕ್ಕನಿಗೆ ಒಪ್ಪಿಗೆ ಆಗದಿದ್ರೆ ಜಗಳ ಆಡೋಣ, ಆದ್ರೆ ಅವಳನ್ನ ಎದುರಿಗೆ ಕೂರಿಸಿಕೊಂಡು, ಅವಳ ಮಾತೂ ಕೇಳಿಸಿಕೊಂಡು. ಅವಳು ಬರಲ್ಲ ಅಂದ್ರೆ ಅದೂ ಅವಳ ಹಕ್ಕೇ.

ಅಕ್ಕಾ, ನೀವೂ ಇದನ್ನ ಓದ್ತೀರಿ ಅಂತ ಗೊತ್ತು. ನಿಮ್ಮ ಮೇಲೆ ಸಿಟ್ಟಿಲ್ಲ. ನನಗೆ ಮೈಕ್ ಹಿಡಿಯೋದು ಕಲಿಸಿದೋರು ನೀವೇ. ಭಾನುವಾರ ಬನ್ನಿ, ಮಾತಾಡೋಣ.

ಜೈ ಭೀಮ್.