ಎರಡನೆಯ ಸುತ್ತಿನ ಓಟಗಾರ್ತಿ

2018ರ ಆಗಸ್ಟ್ 30ರಂದು ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ಮಹಿಳೆಯರ 4×400 ಮೀಟರ್ ರಿಲೇ ಓಟ. ಮೊದಲು ಓಡಿದ ಹಿಮಾ ದಾಸ್ ಭಾರಿ ಮುನ್ನಡೆ ಗಳಿಸಿಕೊಟ್ಟರು. ಅದನ್ನು ಕಾಯ್ದುಕೊಂಡು ಎರಡನೆಯ ಸುತ್ತು ಓಡಿದವರು ನಮ್ಮ ಕೊಡಗಿನ ಎಂ. ಆರ್. ಪೂವಮ್ಮ. ಸರಿತಾಬೆನ್ ಗಾಯಕವಾಡ್, ವಿ. ಕೆ. ವಿಸ್ಮಯಾ ಓಟ ಮುಗಿಸಿದಾಗ 3 ನಿಮಿಷ 28.72 ಸೆಕೆಂಡು, ಭಾರತಕ್ಕೆ ಈ ಸ್ಪರ್ಧೆಯಲ್ಲಿ ಸತತ ಐದನೆಯ ಚಿನ್ನ.

ನಡುವಿನ ಓಟಕ್ಕೆ ಚಪ್ಪಾಳೆ ಕಡಿಮೆ. ತಾಯಂದಿರೇ, ನಮ್ಮ ಹೆಣ್ಣುಮಕ್ಕಳು ಓಟ ಬಿಡುವುದೂ ನಡುವಿನಲ್ಲಿಯೇ ಅಲ್ಲವೆ? ಶಾಲೆಯ ಬಹುಮಾನವನ್ನು ಗಾಜಿನ ಕಪಾಟಿನಲ್ಲಿಡುತ್ತೇವೆ. ಹತ್ತನೆಯ ತರಗತಿ ಬರುತ್ತಲೇ ‘ಇನ್ನು ಸಾಕು’ ಎನ್ನುತ್ತೇವೆ. ಗೊರಗುಂಟೆಪಾಳ್ಯದಲ್ಲಿ ಲಾರಿಗಳ ನಡುವೆ ರಸ್ತೆ ದಾಟುವುದೇ ಸಾಹಸ, ಮೈದಾನಕ್ಕೆ ಕಳುಹಿಸುವುದೆಂತು ಎನ್ನುವವರುಂಟು. ನಿಜವೇ. ಟ್ಯೂಷನ್ನಿಗೆ ಕಳುಹಿಸುವಾಗ ಮಾತ್ರ ಅದೇ ರಸ್ತೆ ನಮಗೆ ಅಡ್ಡಿಯಾಗುವುದಿಲ್ಲ.

ಜಕಾರ್ತದಲ್ಲಿ ಓಡಿದಾಗ ಪೂವಮ್ಮನವರಿಗೆ 28 ವರ್ಷ.