ಊಟ ಒಲ್ಲದ ಮಕ್ಕಳೂ ಡಬ್ಬಿಯ ಪುಡಿಯೂ

2024ರ ಏಪ್ರಿಲ್ ತಿಂಗಳಲ್ಲಿ ಕೇಂದ್ರದ ವಾಣಿಜ್ಯ ಸಚಿವಾಲಯವು ಆನ್‌ಲೈನ್ ಮಾರಾಟದ ಕಂಪನಿಗಳಿಗೆ ಒಂದು ಸೂಚನೆ ಹೊರಡಿಸಿತು. ಹಾಲಿಗೆ ಬೆರೆಸಿ ಕುಡಿಯುವ ಪುಡಿ ಮುಂತಾದ ಪೇಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ವರ್ಗದಿಂದ ತೆಗೆಯಬೇಕೆಂಬುದೇ ಆ ಸೂಚನೆ. ಆಹಾರ ಸುರಕ್ಷತೆಯ 2006ರ ಕಾಯಿದೆಯಲ್ಲಿ ಅಂತಹ ವಸ್ತುವಿಗೆ ವ್ಯಾಖ್ಯೆಯೇ ಇಲ್ಲವೆಂಬುದು ಅದಕ್ಕೆ ಕಾರಣ. ಸಕ್ಕರೆಯ ಪ್ರಮಾಣದ ಕುರಿತು ಆಗ ಚರ್ಚೆ ಸಾಕಷ್ಟು ನಡೆಯಿತು. ಆದರೆ ಆ ಡಬ್ಬಿ ನಮ್ಮ ಮನೆಗಳಿಗೆ ಏಕೆ ಬರುತ್ತದೆಂಬ ಪ್ರಶ್ನೆ ಆ ಗದ್ದಲದಲ್ಲಿ ಉಳಿದುಹೋಯಿತು.

ನಮ್ಮ ಜನರ ಮಟ್ಟಿಗೆ ಈ ಪ್ರಶ್ನೆ ದೂರದ್ದಲ್ಲ. ಮುಂಬಯಿಯ ಚಾಳಿನಲ್ಲಿಯೋ ಪುಣೆಯ ಬಾಡಿಗೆ ಖೋಲಿಯಲ್ಲಿಯೋ ಇರುವ ಒಂದು ಸಂಸಾರವನ್ನು ನೋಡಿರಿ. ನಸುಕಿನಲ್ಲಿ ಹೋಟೆಲಿಗೆ ಹೋದ ತಂದೆ ಗಲ್ಲಾ ಮುಚ್ಚಿದ ಮೇಲೆ ಬರುತ್ತಾನೆ. ಗುಮಾಸ್ತನಾದರೆ ಲೋಕಲ್ ಗಾಡಿಯ ನೂಕುನುಗ್ಗಲು ದಾಟಿ ಮನೆ ಸೇರುವಾಗ ಮಗು ಮಲಗಿರುತ್ತದೆ. ಆ ಮಗುವೋ ಬಿಳಿ ಅನ್ನ, ಬಿಸ್ಕತ್ತು, ಒಂದು ಬಗೆಯ ಚಿಪ್ಸು ಬಿಟ್ಟು ಬೇರೇನನ್ನೂ ಮುಟ್ಟದು. ಸಾರಿನ ಒಂದು ಹನಿ ಅನ್ನಕ್ಕೆ ತಗಲಿದರೆ ತಟ್ಟೆಯನ್ನೇ ದೂಡುವುದು. ಬಲವಂತಪಡಿಸಿದರೆ ವಾಂತಿ ಮಾಡುವುದು. ಊರಿನಿಂದ ಅಜ್ಜಿ ಫೋನಿನಲ್ಲಿ ದೃಷ್ಟಿ ತೆಗೆಯಲು ಹೇಳುತ್ತಾರೆ, ನೆರೆಯವರು ಎರಡೇಟು ಕೊಡಲು ಹೇಳುತ್ತಾರೆ. ‘ಹಸಿದರೆ ತಾನೇ ತಿಂದೀತು’ ಎಂಬುದು ಬಂಧುಗಳ ತೀರ್ಪು. ದಿನವೂ ನೂರಾರು ಎಲೆಗೆ ಬಡಿಸುವವನ ಮಗನೇ ಊಟ ಮಾಡುವುದಿಲ್ಲವೆಂಬ ಕುಹಕ ಬೇರೆ. ಇಷ್ಟರ ನಡುವೆ ಸಂಬಳದ ದಿನ ಒಂದು ಡಬ್ಬಿ ಪುಡಿ ತಂದು ಹಾಲಿಗೆ ಬೆರೆಸಿ ಕುಡಿಸಿದರೆ ತಾಯಿಗೆ ಕೊಂಚ ಸಮಾಧಾನ. ಅವಳನ್ನು ದೂರಲು ನಮಗೆ ಮನಸ್ಸಿಲ್ಲ.

ಎರಡರಿಂದ ಆರು ವರ್ಷದೊಳಗಿನ ಮಕ್ಕಳು ಹೊಸ ತಿನಿಸಿಗೆ ಹೆದರುವುದು ಸಾಮಾನ್ಯ. ಬಹುಮಂದಿಯಲ್ಲಿ ಅದು ಕಾಲಕ್ರಮದಲ್ಲಿ ಕಳೆಯುತ್ತದೆ. ದೊಡ್ಡವರಲ್ಲಿಯೂ ರುಚಿಯ ಹಟವುಂಟು. ಇಪ್ಪತ್ತು ವರ್ಷ ಒಂದೇ ಮೇಜಿಗೆ ಕುಳಿತು, ಚಟ್ನಿ ಬೇಡವೆಂದು ಎರಡು ಇಡ್ಲಿಯನ್ನೇ ತರಿಸುವ ಗಿರಾಕಿಯನ್ನು ಯಾವ ಮಾಣಿ ಕಂಡಿಲ್ಲ? ಅದು ವ್ಯಾಧಿಯಲ್ಲ. ಆದರೆ ತಿನ್ನುವ ಪದಾರ್ಥಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ, ತೂಕ ಇಳಿದೋ, ಬೆಳವಣಿಗೆ ನಿಂತೋ, ರಕ್ತಹೀನತೆ ತೋರಿಯೋ, ನಾಲ್ವರೊಡನೆ ಕುಳಿತು ಉಣ್ಣಲಾರದ ಸ್ಥಿತಿ ಬಂದರೆ ಅದು ಬೇರೆಯೇ ಸಂಗತಿ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ತನ್ನ ರೋಗಪಟ್ಟಿಯಲ್ಲಿ ಇದಕ್ಕೆ ಸ್ಥಾನ ಕೊಟ್ಟಿತು. ಆರ್ಫಿಡ್ ಎಂಬುದು ಅದರ ಸಂಕ್ಷಿಪ್ತ ಹೆಸರು. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿಯೂ ಅದಿದೆ. ತೆಳ್ಳಗಾಗಬೇಕೆಂಬ ಬಯಕೆಗೂ ಇದಕ್ಕೂ ಸಂಬಂಧವಿಲ್ಲ. ಕೆಲವರಿಗೆ ವಾಸನೆ, ಬಣ್ಣ, ನಾಲಿಗೆಗೆ ತಗಲುವ ಮೆದು ಗಡಸು ಸಹಿಸದು. ಕೆಲವರಿಗೆ ಹಿಂದೊಮ್ಮೆ ಗಂಟಲಲ್ಲಿ ಸಿಕ್ಕಿಕೊಂಡ ಭಯ. ಇನ್ನು ಕೆಲವರಿಗೆ ಹಸಿವೆಯ ಅರಿವೇ ಮಂದ. ಇಂತಹ ಮಗುವಿನ ಮುಂದೆ ‘ಹಸಿದರೆ ತಿಂದೀತು’ ಎಂಬ ಮಾತು ನಡೆಯುವುದಿಲ್ಲ.

ಅಲಕ್ಷ್ಯದಿಂದ ಏನಾಗಬಹುದೆಂಬುದಕ್ಕೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ವೈದ್ಯರು 2019ರಲ್ಲಿ ಪ್ರಕಟಿಸಿದ ಒಬ್ಬ ಹುಡುಗನ ವೃತ್ತಾಂತವೇ ಸಾಕ್ಷಿ. ಬಾಲ್ಯದಿಂದ ಅವನ ಆಹಾರ ಕರಿದ ಬಟಾಟೆ, ಚಿಪ್ಸು, ಬಿಳಿ ಬ್ರೆಡ್ಡು, ಸಂಸ್ಕರಿಸಿದ ಮಾಂಸ ಇಷ್ಟೇ. 14ನೆಯ ವಯಸ್ಸಿನಲ್ಲಿ ಆಯಾಸವೆಂದು ವೈದ್ಯರ ಬಳಿ ಹೋದಾಗ ಬಿ-12 ಜೀವಸತ್ವದ ಕೊರತೆ ಕಂಡಿತು. ಚುಚ್ಚುಮದ್ದು ಕೊಟ್ಟು, ಊಟ ಸುಧಾರಿಸಲು ಹೇಳಿ ಕಳುಹಿಸಿದರು. ಊಟ ಸುಧಾರಿಸಲಿಲ್ಲ. ಮರುವರ್ಷ ಕಿವಿಯೂ ಕಣ್ಣೂ ಮಂದವಾಗತೊಡಗಿ, 17ರ ವೇಳೆಗೆ ದೃಷ್ಟಿ ಮರಳಿ ಬಾರದಂತೆ ಹಾಳಾಯಿತು. ಅವನ ಎತ್ತರ ತೂಕಗಳು ಸರಿಯಾಗಿಯೇ ಇದ್ದುವೆಂಬ ಅಂಶವನ್ನು ವಾಚಕರು ವಿಶೇಷವಾಗಿ ಗಮನಿಸಬೇಕು. ನಮ್ಮಲ್ಲಿ ಮೈ ತುಂಬಿದ ಮಗುವನ್ನು ಯಾರೂ ವೈದ್ಯರ ಬಳಿಗೆ ಒಯ್ಯುವುದಿಲ್ಲ.

‘ಚೆನ್ನಾಗಿ ತಿನ್ನಿಸಿ’ ಎಂಬ ಉಪದೇಶ ಸಾಲದೆಂಬುದೇ ಈ ವೃತ್ತಾಂತದ ಹುರುಳು. ಬಲ್ಲ ಆಹಾರತಜ್ಞರು ಮಾಡುವ ಕೆಲಸವೇ ಬೇರೆ. ಮಗು ಏನು ತಿನ್ನುತ್ತದೆ, ಯಾವ ರೂಪದಲ್ಲಿ, ಎಷ್ಟು ಎಂಬುದನ್ನು ಮೊದಲು ಬರೆಯಿಸಿಕೊಳ್ಳುತ್ತಾರೆ. ವೈದ್ಯರು ರಕ್ತಪರೀಕ್ಷೆಯಿಂದ ಕಬ್ಬಿಣ, ಬಿ-12, ಡಿ ಜೀವಸತ್ವಗಳ ಕೊರತೆಯನ್ನು ಕಂಡುಹಿಡಿದು ಅದಕ್ಕೆ ತಕ್ಕ ಔಷಧಿ ಕೊಡುತ್ತಾರೆ. ಮಗು ನೆಚ್ಚಿಕೊಂಡ ತಿನಿಸನ್ನು ಕಿತ್ತುಕೊಳ್ಳುವುದಿಲ್ಲ; ಅದರಿಂದಲೇ ಮುಂದಿನ ಹೆಜ್ಜೆ ಇಡಿಸುತ್ತಾರೆ. ಇಡ್ಲಿ ತಿನ್ನುವ ಮಗುವಿಗೆ ರವೆ ಇಡ್ಲಿ, ಬಳಿಕ ಅದರಲ್ಲಿ ಕಾಣದಷ್ಟು ಸಣ್ಣಗೆ ತುರಿದ ಕ್ಯಾರೆಟ್. ಇಡ್ಲಿಯ ಹಿಟ್ಟನ್ನೇ ಕಾವಲಿಗೆ ಹಾಕಿ ಮೆತ್ತನೆಯ ದೋಸೆ. ಅದೂ ಮಗುವಿಗೆ ತಿಳಿಸಿಯೇ. ಕದ್ದು ಬೆರೆಸಿದ್ದು ಗೊತ್ತಾದರೆ ಇದ್ದ ಒಂದು ತಿನಿಸೂ ಕೈಬಿಟ್ಟೀತು. ಹೊಸ ಪದಾರ್ಥ ಹತ್ತು ಹದಿನೈದು ಸಲ ಕಣ್ಣಿಗೆ ಬಿದ್ದ ಮೇಲೆಯೇ ನಾಲಿಗೆಗೆ ತಲುಪುವುದುಂಟು. ಏನು, ಯಾವಾಗ, ಎಲ್ಲಿ ಬಡಿಸಬೇಕೆಂಬುದು ಹಿರಿಯರ ಕೆಲಸ, ಎಷ್ಟು ತಿನ್ನಬೇಕೆಂಬುದು ಮಗುವಿನ ಕೆಲಸ ಎಂದು ಅಮೆರಿಕದ ಆಹಾರತಜ್ಞೆ ಎಲಿನ್ ಸ್ಯಾಟರ್ ಹಾಕಿಕೊಟ್ಟ ಪಾಲುಪಟ್ಟಿ ಮಕ್ಕಳ ಊಟದ ವಿಷಯದಲ್ಲಿ ಪ್ರಸಿದ್ಧವಾದುದು. ಭಯವೇ ಮೂಲವಾದಲ್ಲಿ ಮನೋವೈದ್ಯರ ನೆರವೂ ಬೇಕು.

ತಜ್ಞರೆಂದು ಯಾರನ್ನು ನಂಬುವುದು? ಅಂಗಡಿಯ ಮುಂದೆ ‘ಶುದ್ಧ ತುಪ್ಪ’ ಎಂಬ ಬೋರ್ಡು ತೂಗಹಾಕುವುದು ಎಷ್ಟು ಸುಲಭವೆಂಬುದನ್ನು ಹೋಟೆಲು ನಡೆಸಿದ ನಾವು ಬಲ್ಲೆವು. ಆಹಾರಸಲಹೆಯ ಬೋರ್ಡುಗಳ ಗತಿಯೂ ಅದೇ. ಆರೋಗ್ಯವೃತ್ತಿಗಳ 2021ರ ರಾಷ್ಟ್ರೀಯ ಆಯೋಗದ ಕಾಯಿದೆಯು ಆಹಾರತಜ್ಞರನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿದೆ. ಭಾರತೀಯ ಆಹಾರತಜ್ಞರ ಸಂಘವು ಪರೀಕ್ಷೆ ನಡೆಸಿ ‘ರಿಜಿಸ್ಟರ್ಡ್ ಡಯಟೀಷಿಯನ್’ ಎಂಬ ಮಾನ್ಯತೆ ಕೊಡುತ್ತದೆ. ಆ ಮಾನ್ಯತೆಯುಂಟೇ ಎಂದು ಕೇಳಲು ಸಂಕೋಚ ಬೇಡ. ಸಲಹೆಯೊಡನೆ ಪುಡಿಯನ್ನೂ ಮಾರುವವರಿಂದ ದೂರವಿರುವುದು ಲೇಸು.

ಖರ್ಚಿನ ಭಯದಿಂದ ಹಿಂಜರಿಯುವವರು ಅನೇಕರು. ಸಂಬಳದಿಂದ ಇ.ಎಸ್.ಐ. ಹಣ ಕಡಿತವಾಗುವ ನೌಕರನ ಹೆಂಡತಿ ಮಕ್ಕಳಿಗೂ ಚಿಕಿತ್ಸೆಯ ಹಕ್ಕಿದೆ. ಹಕ್ಕಿದ್ದೂ ಕಾರ್ಡು ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. ಮುಂಬಯಿಯ ಪರೇಲಿನಲ್ಲಿ ವಾಡಿಯಾ ಮಕ್ಕಳ ಆಸ್ಪತ್ರೆ, ಚೆನ್ನೈಯ ಎಗ್ಮೋರಿನಲ್ಲಿ ಸರಕಾರಿ ಮಕ್ಕಳ ಆಸ್ಪತ್ರೆ, ಹೈದರಾಬಾದಿನಲ್ಲಿ ನಿಲೋಫರ್, ದಿಲ್ಲಿಯಲ್ಲಿ ಕಲಾವತಿ ಸರನ್, ಪುಣೆಯಲ್ಲಿ ಸಸೂನ್ ಇವೆ. ಮೊದಲು ಮಕ್ಕಳ ವೈದ್ಯರನ್ನು ಕಂಡು, ಆಹಾರತಜ್ಞರಿಗೆ ಚೀಟಿ ಬರೆದುಕೊಡಬೇಕೆಂದು ಕೇಳಬೇಕು. ಪರಭಾಷೆಯಲ್ಲಿ ಮನಸ್ಸಿನ ಕಷ್ಟ ಹೇಳಲು ತೊಡಕಾದರೆ, 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೇ ಉಚಿತವಾಗಿ ಮಾತನಾಡಬಹುದು.

ಹೊರರೋಗಿ ವಿಭಾಗಗಳು ಹೆಚ್ಚಾಗಿ ನಡೆಯುವುದು ಬೆಳಿಗ್ಗೆ; ನಮ್ಮ ಹೋಟೆಲುಗಳಲ್ಲಿ ತಿಂಡಿಯ ರಷ್ಷೂ ಆಗಲೇ. ಇದು ಒಂದೇ ಭೇಟಿಯಲ್ಲಿ ಮುಗಿಯುವ ಚಿಕಿತ್ಸೆಯೂ ಅಲ್ಲ, ತಿಂಗಳುಗಟ್ಟಲೆ ಹೋಗಿಬರಬೇಕು. ಇಂತಹ ಮಗುವಿರುವ ನೌಕರನಿಗೆ ತಿಂಗಳಿಗೊಂದು ಬೆಳಿಗ್ಗೆ ಸಂಬಳ ಮುರಿಯದೆ ಬಿಡುವು ಕೊಡಬೇಕೆಂದು ಮಾಲಕ ಬಂಧುಗಳನ್ನು ನಾವು ಕೇಳಿಕೊಳ್ಳುತ್ತೇವೆ. ಹೋಗುವವರು ಮೂರು ದಿನ ಮಗು ತಿಂದದ್ದನ್ನೆಲ್ಲ, ಅರ್ಧ ಬಿಸ್ಕತ್ತನ್ನೂ ಬಿಡದೆ, ಒಂದು ಕಾಗದದಲ್ಲಿ ಬರೆದು ಜೊತೆಯಲ್ಲಿ ಒಯ್ಯಲಿ.